ಶಾಲೆ ಮುಗಿದರೆ ಆಟವೂ ಮುಗಿಯಬೇಕೆ?

(ಗಿರಣಿ ಕೇರಿಯ ಹೆಣ್ಣುಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಕ್ಲಬ್ಬು ಕಟ್ಟುವ ವಿಚಾರವಾಗಿ ಸೇರಿದ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ಸಂಜೆಯ ವ್ಯಾಪಾರ ಬಿಟ್ಟು ಬಂದವರೂ ಇದ್ದೀರಿ. ಆದ್ದರಿಂದ ನಿಮ್ಮ ಹೊತ್ತನ್ನು ಹೆಚ್ಚು ತೆಗೆದುಕೊಳ್ಳುವುದಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಒಂದು ಆಟದ ಕ್ಲಬ್ಬು ಬೇಕೆ, ಬೇಡವೆ ಎಂಬುದು ಇಂದಿನ ಪ್ರಶ್ನೆ. "ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಹೂವೇ?" ಎಂದು ಹಿರಿಯರೊಬ್ಬರು ಬಾಗಿಲಲ್ಲೇ ನನ್ನನ್ನು ಕೇಳಿದರು. ಕೇಳಬೇಕಾದ ಮಾತೇ. ಉತ್ತರ ಹೇಳುವ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ.

ನಾನು ಮೇಷ್ಟರಾಗಿದ್ದ ಶಾಲೆಯಲ್ಲಿ ಎರಡು ಚೆಂಡುಗಳಿದ್ದವು. ಬೀರುವಿನ ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು. ಗಿರಣಿ ಕೆಲಸಗಾರರೊಬ್ಬರ ಮಗಳು ಓದು ಬಿಟ್ಟು ಬೀಡಿ ಕಟ್ಟಲು ಕೂತಿದ್ದಳು. ಒಂದು ಸಂಜೆ ಬೇಲಿಯ ಹತ್ತಿರ ಬಂದು, "ಮೇಷ್ಟ್ರೇ, ನಾನೂ ಒಂದಿಷ್ಟು ಹೊತ್ತು ಆಡ್ಲಾ?" ಎಂದಳು. "ನಿನ್ನ ಹೆಸರು ಹಾಜರಿ ಪುಸ್ತಕದಲ್ಲಿ ಇಲ್ಲವಲ್ಲಮ್ಮಾ" ಎಂದೆ. ಕಾನೂನಿನಂತೆ ನಾನು ಹೇಳಿದ್ದು ಸರಿ. ಅವಳು ಮತ್ತೆ ಆ ಕಡೆ ಬರಲಿಲ್ಲ. ಆ ಮಾತು ಮಾತ್ರ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಹಾಜರಿ ಪುಸ್ತಕದಿಂದ ಹೆಸರು ಹೋದ ಹುಡುಗಿಯರೇ ಸೇರಿ ಕಟ್ಟಿದ ಒಂದು ಕ್ಲಬ್ಬಿನ ಕಥೆಯನ್ನು ಈಗ ಹೇಳುತ್ತೇನೆ.

ಈ ಆಟ ಹುಟ್ಟಿದ್ದೇ ಕೈಗೆ ಸಿಕ್ಕ ಸಾಮಾನಿನಿಂದ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮದ ಮೇಷ್ಟರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು 10 ಅಡಿ ಎತ್ತರದಲ್ಲಿ ಹೊಡೆಸಿ, 13 ನಿಯಮ ಬರೆದು ಆಟ ಶುರುಮಾಡಿದರು. ಮರುವರ್ಷವೇ ಸೆಂಡಾ ಬೆರೆನ್‌ಸನ್ ಎಂಬ ಉಪಾಧ್ಯಾಯಿನಿ ಸ್ಮಿತ್ ಕಾಲೇಜಿನ ಹೆಣ್ಣುಮಕ್ಕಳಿಗೆ ಅದನ್ನು ಕಲಿಸಿದರು. ಆದರೆ ಹೆಣ್ಣಿನ ಮೈಗೆ ಹೆಚ್ಚು ಓಟ ಆಗಿಬರುವುದಿಲ್ಲ ಎಂಬುದು ಆ ಕಾಲದ ನಂಬಿಕೆ. ಆದ್ದರಿಂದ ಅಂಗಳವನ್ನು ಮೂರು ಪಾಲು ಮಾಡಿ ಗೆರೆ ಎಳೆದರು. ಯಾರೂ ತಮ್ಮ ಪಾಲಿನ ಗೆರೆ ದಾಟುವಂತಿರಲಿಲ್ಲ. ಗೆರೆ ಎಳೆಯುವುದು ನಮಗೇನೂ ಹೊಸದಲ್ಲ, ಬಿಡಿ.

ಆ ಗೆರೆಯನ್ನು ಅಳಿಸಿ ಆಡಿದವರು ಕೆನಡಾ ದೇಶದ ಎಡ್ಮಂಟನ್ ಊರಿನ ಹುಡುಗಿಯರು. ಅದು ಆಲ್ಬರ್ಟಾ ಪ್ರಾಂತದ ರಾಜಧಾನಿ. ಚಳಿಗಾಲವೆಲ್ಲ ಹಿಮ. ಆಗ ಅಲ್ಲಿ ಒಂದು ಲಕ್ಷ ಜನವೂ ಇರಲಿಲ್ಲ. ಮೆಕ್‌ಡೂಗಲ್ ಕಮರ್ಷಿಯಲ್ ಹೈಸ್ಕೂಲು ಎಂಬ ಶಾಲೆಯಲ್ಲಿ ಬೆರಳಚ್ಚು, ಶೀಘ್ರಲಿಪಿ, ಲೆಕ್ಕಪತ್ರ ಕಲಿಸುತ್ತಿದ್ದರು. ಕಲಿತ ಹುಡುಗಿಯರು ಕಚೇರಿಗಳಿಗೂ ಅಂಗಡಿಗಳಿಗೂ ಕೆಲಸಕ್ಕೆ ಹೋಗುತ್ತಿದ್ದರು. ಅಲ್ಲಿಯ ಮೇಷ್ಟರು ಪರ್ಸಿ ಪೇಜ್ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಪಾಠ ಹೇಳುತ್ತಿದ್ದರು. ಆ ತಂಡ 1915ರಲ್ಲಿ ಪ್ರಾಂತಕ್ಕೇ ಮೊದಲಾಯಿತು. ಅಷ್ಟರಲ್ಲಿ ಹುಡುಗಿಯರ ಓದೂ ಮುಗಿಯಿತು.

ಮುಂದೇನು? ಕೆಲಸ, ಮನೆ, ಮದುವೆ. ಆದರೆ ಆ ಹುಡುಗಿಯರಿಗೆ ಆಟ ಬಿಡಲು ಮನಸ್ಸಿರಲಿಲ್ಲ. ಕೆಲಸಕ್ಕೆ ಹೋದರೂ ಜೊತೆಯಾಗಿಯೇ ಆಡೋಣ ಎಂದು ನಿಶ್ಚಯಿಸಿ ಅದೇ ವರ್ಷ ಕ್ಲಬ್ಬು ಕಟ್ಟಿಕೊಂಡರು. ಪೇಜ್ ಮೇಷ್ಟರು ಜೊತೆಗೆ ನಿಂತರು. ಕಮರ್ಷಿಯಲ್ ಗ್ರ್ಯಾಜುಯೇಟ್ಸ್ ಎಂದು ಹೆಸರಾಯಿತು, ಜನರ ಬಾಯಲ್ಲಿ 'ಗ್ರ್ಯಾಡ್ಸ್' ಆಯಿತು. ಅದರ ಹುಟ್ಟಿಗೆ ಸಾಹುಕಾರರ ದಾನ ಬೇಕಾಗಲಿಲ್ಲ, ಸರ್ಕಾರದ ಹುಕುಮೂ ಬೇಕಾಗಲಿಲ್ಲ.

ಹಗಲೆಲ್ಲ ಟೈಪ್ ಮಿಷನ್ನು, ಸಂಜೆ ಶಾಲೆಯ ವ್ಯಾಯಾಮಶಾಲೆಯಲ್ಲಿ ಅಭ್ಯಾಸ. ಆಟಕ್ಕೆಂದು ಯಾರಿಗೂ ಸಂಬಳವಿಲ್ಲ. ಪೇಜ್ ಇನ್ನೊಂದು ಒಳ್ಳೆಯ ಏರ್ಪಾಟು ಮಾಡಿದರು. ಶಾಲೆಯಲ್ಲಿ ಚಿಕ್ಕವರ ತಂಡ, ದೊಡ್ಡವರ ತಂಡ, ಅದರ ಮೇಲೆ 'ಗ್ರ್ಯಾಡೆಟ್ಸ್' ಎಂಬ ತಂಡ, ಕೊನೆಗೆ ಗ್ರ್ಯಾಡ್ಸ್. ಒಬ್ಬಳು ಬಿಟ್ಟರೆ ಕೆಳಗಿನ ಮೆಟ್ಟಿಲಿನಿಂದ ಇನ್ನೊಬ್ಬಳು ಹತ್ತಿ ಬರುತ್ತಿದ್ದಳು.

1922ರಲ್ಲಿ ಈ ಹುಡುಗಿಯರು ದೂರದ ಆಂಟೇರಿಯೋ ಪ್ರಾಂತಕ್ಕೆ ರೈಲಿನಲ್ಲಿ ಹೋಗಿ ಇಡೀ ಕೆನಡಾಕ್ಕೆ ಮೊದಲಿಗರಾಗಿ ಬಂದರು. ಮರುವರ್ಷ ಟೈಪ್ ಮಿಷನ್ ಮಾಡುವ ಅಂಡರ್‌ವುಡ್ ಕಂಪನಿ ಇಟ್ಟ ಟ್ರೋಫಿಯನ್ನು ಅಮೆರಿಕದ ತಂಡದ ಎದುರು ಗೆದ್ದು, 1940ರವರೆಗೂ ಕೈಬಿಡದೆ ಇಟ್ಟುಕೊಂಡರು. ಬೆರಳಚ್ಚು ಮಾಡುವ ಕೈಗಳಿಗೇ ಅದು ಸಂದದ್ದು ಚೆನ್ನಾಯಿತು! 522 ಪಂದ್ಯಗಳಲ್ಲಿ 502 ಗೆದ್ದರೆಂದು ಹೇಳಿಕೊಂಡು ಬಂದಿರುವ ಲೆಕ್ಕ. 1924, 1928, 1936ರ ಒಲಿಂಪಿಕ್ಸ್ ಹೊತ್ತಿನಲ್ಲಿ ಯೂರೋಪಿಗೆ ಹೋಗಿ ಆಡಿ ಗೆದ್ದರು. ಆದರೆ ಒಂದು ಒಲಿಂಪಿಕ್ ಪದಕವೂ ಸಿಗಲಿಲ್ಲ, ಏಕೆಂದರೆ ಹೆಂಗಸರ ಬ್ಯಾಸ್ಕೆಟ್‌ಬಾಲ್ ಒಲಿಂಪಿಕ್ಸ್‌ಗೆ ಸೇರಿದ್ದೇ 1976ರಲ್ಲಿ, ಅದೇ ಕೆನಡಾದ ಮಾಂಟ್ರಿಯಲ್‌ನಲ್ಲಿ.

ಬರಿಯ ಹೊಗಳಿಕೆ ಹೇಳಿ ಇಳಿದರೆ ನಾನು ನಿಮಗೆ ಮೋಸ ಮಾಡಿದಂತೆ. ಆ ಕ್ಲಬ್ಬಿನಲ್ಲಿ ಕೊರತೆಗಳೂ ಇದ್ದವು. ಹೆಚ್ಚುಕಡಿಮೆ ಆ ಒಂದೇ ಶಾಲೆಯವರಿಗೆ ಅಲ್ಲಿ ಜಾಗ. 25 ವರ್ಷಗಳಲ್ಲಿ ಮುಖ್ಯ ತಂಡಕ್ಕೆ ಆಡಿದವರು 40 ಮಂದಿಯೂ ಇಲ್ಲ. ಮದುವೆಯಾದವಳು ತಂಡ ಬಿಡುವುದು ರೂಢಿ. ಕೊನೆಯವರೆಗೂ ಎಲ್ಲ ಭಾರ ಒಬ್ಬ ಪೇಜ್ ಮೇಷ್ಟರ ಮೇಲೆ. 1940ರಲ್ಲಿ ಅವರು ಶಾಸನಸಭೆಗೆ ಆರಿಸಿ ಹೋದರು. ಯುದ್ಧದ ಕಾಲ, ಆಟದ ಕಟ್ಟಡವನ್ನು ವಾಯುಸೇನೆ ತೆಗೆದುಕೊಂಡಿತು. ನೋಡಲು ಬರುವ ಜನವೂ ಕಡಿಮೆಯಾಗಿದ್ದರು. ಆ ವರ್ಷವೇ ಕ್ಲಬ್ಬು ಮುಚ್ಚಿತು.

ಆದ್ದರಿಂದ ಅವರಿಂದ ಕಲಿಯುವುದು ಎರಡುಂಟು. ಒಂದು, ಶಾಲೆಯ ಬಾಗಿಲು ಮುಚ್ಚಿದ ಮೇಲೂ ಆಟದ ಬಾಗಿಲು ತೆರೆದಿರಬೇಕು. ಎರಡು, ಅದರ ಬೀಗದ ಕೈ ಒಬ್ಬರ ಜೇಬಿನಲ್ಲಿ ಇರಬಾರದು. ನನ್ನ ಜೇಬಿನಲ್ಲಂತೂ ಬೇಡ, ನಾನು ಒಮ್ಮೆ ಅದನ್ನು ಕೆಟ್ಟದಾಗಿ ಬಳಸಿದವನು.

ನಮಗೆ ಬೇಕಾದದ್ದಾದರೂ ಏನು? 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ. ಎರಡು ಕಬ್ಬಿಣದ ಕಂಬ, ಹಲಗೆ, ಬಳೆ. ನಮ್ಮ ಕಮ್ಮಾರರೇ ಮಾಡಿಕೊಡಬಲ್ಲರು. ಒಂದು ಚೆಂಡು. ಒಂದು ಕಡೆಗೆ ಐವರಂತೆ ಹತ್ತು ಹುಡುಗಿಯರು. ಬಟವಾಡೆಯ ದಿನ ಗಿರಣಿಯವರು ಕೈಲಾದಷ್ಟು ಕೊಡಿ, ಅಂಗಡಿಯವರು ಗಲ್ಲಾದಿಂದ ಅಷ್ಟೇ ಕೊಡಿ. ಲೆಕ್ಕವನ್ನು ತಿಂಗಳಿಗೊಮ್ಮೆ ಎಲ್ಲರೆದುರು ಓದಬೇಕು. ಕಮಿಟಿಯಲ್ಲಿ ಅರ್ಧದಷ್ಟಾದರೂ ಹೆಣ್ಣುಮಕ್ಕಳೇ ಇರಬೇಕು. ಮದುವೆಯಾದ ಮಗಳೂ ಬರಬಹುದು, ಓದು ಬಿಟ್ಟವಳೂ ಬರಬಹುದು. ಯಾವ ಜಾತಿ ಎಂದು ಯಾರೂ ಕೇಳಬಾರದು.

ಈಗ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಹಿಟ್ಟಿಗಾಗಿ ಹೋರಾಡಬೇಕು, ಅದನ್ನು ಯಾರೂ ಬಿಟ್ಟಿಲ್ಲ. ಆದರೆ ಎಂಟು ತಾಸು ದುಡಿಮೆ, ಎಂಟು ತಾಸು ನಿದ್ದೆ, ಉಳಿದ ಎಂಟು ತಾಸು ನಮ್ಮದು ಎಂದು ಕೇಳಿದವರೂ ಕಾರ್ಮಿಕರೇ ಅಲ್ಲವೆ? ನಮ್ಮದು ಎಂಬ ಆ ಎಂಟು ತಾಸಿನಲ್ಲಿ ನಮ್ಮ ಹೆಣ್ಣುಮಕ್ಕಳ ಪಾಲೆಷ್ಟು? ನೀರು, ಒಲೆ, ತಮ್ಮ ತಂಗಿಯರ ಆರೈಕೆ ಕಳೆದು ಅರ್ಧ ತಾಸಾದರೂ ಉಳಿದೀತೆ? ಅವರ ಪಾಲನ್ನು ಅವರಿಗೆ ಕೊಡೋಣ. ಅದು ಜುಟ್ಟಿನ ಮಲ್ಲಿಗೆಯಲ್ಲ, ನಾವು ತೀರಿಸದೆ ಉಳಿಸಿಕೊಂಡ ಬಾಕಿ.

ಹೆಸರು ಬರೆಸುವ ಪುಸ್ತಕ ಮೇಜಿನ ಮೇಲಿದೆ. ಅದು ಹಾಜರಿ ಪುಸ್ತಕವಲ್ಲ, ಯಾರ ಹೆಸರನ್ನೂ ಅದರಿಂದ ಹೊಡೆದುಹಾಕುವುದಿಲ್ಲ. ನಿಮ್ಮ ಮಗಳನ್ನೇ ಕರೆತನ್ನಿ, ತನ್ನ ಹೆಸರನ್ನು ಅವಳೇ ಬರೆಯಲಿ.