ದಾದಿಯ ಲೆಕ್ಕ



ರಾಜ್ಯೋತ್ಸವದ ವೇದಿಕೆಯಲ್ಲಿ ಆಸ್ಪತ್ರೆಯ ಮಾತೇಕೆಂದು ಕೆಲವರು ಹುಬ್ಬೇರಿಸಬಹುದು. ಊರು ಬಿಟ್ಟು ಬಂದ ನಮ್ಮಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಪಕ್ಕದಲ್ಲಿ ಕೂರಲು ಅಜ್ಜಿ, ಚಿಕ್ಕಮ್ಮ ಇಲ್ಲಿಲ್ಲ, ದಾದಿಯೇ ಗತಿ. ಆದ್ದರಿಂದ ಇದು ನಮ್ಮ ಮನೆಯ ಮಾತೇ.

ಆಸ್ಪತ್ರೆಯ ಬಿಲ್ಲನ್ನು ತಾವು ನೋಡಿಯೇ ಇರುತ್ತೀರಿ. ಡಾಕ್ಟರರ ಫೀಜು, ಔಷಧಿ, ರಕ್ತಪರೀಕ್ಷೆ, ಎಲ್ಲಕ್ಕೂ ಒಂದೊಂದು ಸಾಲು. ಹಗಲಿರುಳು ಆರೈಕೆ ಮಾಡಿದ ದಾದಿಯ ಕೆಲಸ ಮಾತ್ರ ಬಹಳ ಕಡೆ ಹಾಸಿಗೆಯ ಬಾಡಿಗೆಯಲ್ಲಿ ಅಡಗಿಹೋಗಿರುತ್ತದೆ. ಜಮೆಯ ಕಡೆ ಹೆಸರಿಲ್ಲದವಳು ಖರ್ಚಿನ ಕಡೆ ಸಂಬಳವಾಗಿ ಕಾಣುತ್ತಾಳೆ. ಹೀಗಿರುವಾಗ, “ದಾದಿಗೆ ಸಂಶೋಧನೆಯೂ ಬೇಕೇ?” ಎಂದು ಖಜಾಂಚಿ ಕೇಳಿದರೆ ಆಶ್ಚರ್ಯವಿಲ್ಲ. ಸೇವೆ, ತ್ಯಾಗ ಎಂಬ ಹೊಗಳಿಕೆಯಿಂದ ಅವನ ಪುಸ್ತಕ ತುಂಬದು. ಅವನಿಗೆ ಹಣದ ಲೆಕ್ಕದಲ್ಲಿಯೇ ಉತ್ತರ ಹೇಳಬೇಕು.

ಅಂಥ ಉತ್ತರ ಹೇಳಿದವರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೇರಿ ನೇಲರ್ ಒಬ್ಬರು, ಸ್ವತಃ ದಾದಿ. ಮನೆಗೆ ಹೋದ ವೃದ್ಧರು ಮತ್ತೆ ಆಸ್ಪತ್ರೆಗೇ ಮರಳುವುದೇಕೆ ಎಂಬುದು ಆಕೆಯ ಪ್ರಶ್ನೆ. ಫಿಲಡೆಲ್ಫಿಯಾದ ಎರಡು ಆಸ್ಪತ್ರೆಗಳಲ್ಲಿ 363 ಮಂದಿ ವೃದ್ಧರನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿದರು. ಒಂದಕ್ಕೆ ವಾಡಿಕೆಯ ಆರೈಕೆ. ಇನ್ನೊಂದಕ್ಕೆ, ನುರಿತ ದಾದಿಯೊಬ್ಬಳು ಆಸ್ಪತ್ರೆಯಲ್ಲಿಯೇ ರೋಗಿಯ ಪರಿಚಯ ಮಾಡಿಕೊಂಡು, ಬಿಡುಗಡೆಯಾದ ಬಳಿಕ ನಾಲ್ಕು ವಾರಗಳ ತನಕ ಮನೆಗೆ ಹೋಗಿಯೂ ಟೆಲಿಫೋನಿನಲ್ಲಿಯೂ ವಿಚಾರಿಸುವ ಏರ್ಪಾಟು. 1999ರಲ್ಲಿ ಫಲ ಪ್ರಕಟವಾಯಿತು. 24 ವಾರಗಳಲ್ಲಿ ಮೊದಲ ಪಂಗಡದ ನೂರಕ್ಕೆ 37 ಮಂದಿ ಮರಳಿ ಆಸ್ಪತ್ರೆ ಸೇರಿದ್ದರು. ಎರಡನೆಯದರಲ್ಲಿ 20 ಮಂದಿ. ವೃದ್ಧರಿಗಾಗಿ ಸರ್ಕಾರದ ವಿಮೆ ತೆತ್ತ ಹಣ ಅಲ್ಲಿ ಸುಮಾರು 12 ಲಕ್ಷ ಡಾಲರು, ಇಲ್ಲಿ 6 ಲಕ್ಷ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನದು ಇನ್ನೂ ದೊಡ್ಡ ಲೆಕ್ಕ. ಅಲ್ಲಿ 2016ರಲ್ಲಿ 27 ಆಸ್ಪತ್ರೆಗಳಿಗೆ, ದಾದಿಯೊಬ್ಬಳಿಗೆ ಹಗಲು ಸರಾಸರಿ ನಾಲ್ಕು, ರಾತ್ರಿ ಏಳು ರೋಗಿಗಳಿಗಿಂತ ಹೆಚ್ಚು ಕೂಡದೆಂದು ಕಟ್ಟಳೆ ಮಾಡಿದರು. ಹೆಚ್ಚುವರಿ ದಾದಿಯರಿಗೆ ಆದ ಖರ್ಚು ಎರಡು ವರ್ಷಕ್ಕೆ ಸುಮಾರು 3.3 ಕೋಟಿ ಆಸ್ಟ್ರೇಲಿಯಾ ಡಾಲರು. ರೋಗಿಗಳು ಬೇಗ ಮನೆಗೆ ಹೋದುದರಿಂದಲೂ ಮರಳಿ ಬರುವುದು ತಗ್ಗಿದುದರಿಂದಲೂ ಉಳಿದದ್ದು ಅದರ ಎರಡರಷ್ಟಕ್ಕೂ ಮಿಗಿಲೆಂದು 2021ರಲ್ಲಿ ಸಂಶೋಧಕರು ಅಂದಾಜು ಮಾಡಿದರು. ಉಳಿದ ಜೀವಗಳ ಮಾತು ಬೇರೆ.

ಆದರೆ ಇಲ್ಲೊಂದು ತೊಡಕುಂಟು. ದಾದಿಗೆ ಸಂಬಳ ಕೊಡುವುದು ಆಸ್ಪತ್ರೆ. ಉಳಿತಾಯ ಸೇರುವುದು ಬೇರೆಯವರ ಗಂಟಿಗೆ. ಹಾಸಿಗೆ ತುಂಬಿದಷ್ಟೂ ವರಮಾನವೆನ್ನುವ ಆಸ್ಪತ್ರೆಗೆ ರೋಗಿ ಮರಳದಿರುವುದು ನಷ್ಟವೆಂದೇ ಕಂಡೀತು! ನಮ್ಮ ದೇಶದಲ್ಲಾದರೋ ಎಷ್ಟೋ ಸಂಸಾರಗಳು ಆಸ್ಪತ್ರೆಯ ಹಣವನ್ನು ತಾವೇ ತೆರುತ್ತವೆ. ಎಂದಮೇಲೆ ಲೆಕ್ಕ ಕೇಳಬೇಕಾದವರೂ ನಾವೇ.

ತಮ್ಮಲ್ಲಿ ಧರ್ಮಾಸ್ಪತ್ರೆಗಳ ಆಡಳಿತ ಮಂಡಲಿಗಳಲ್ಲಿ ಇರುವವರಿದ್ದರೆ ನನ್ನದೊಂದು ಅರಿಕೆ. ಬಿಡುಗಡೆಯಾದವರಲ್ಲಿ ತಿಂಗಳೊಳಗೆ ಮರಳಿ ಬಂದವರೆಷ್ಟು, ಏತಕ್ಕೆ ಬಂದರು ಎಂದು ಬರೆದಿಡಲು ವಾರ್ಡಿಗೊಂದು ರಿಜಿಸ್ಟರು ಇಡಿಸಿರಿ. ಅದನ್ನು ನೋಡಿಕೊಳ್ಳಲು ಒಬ್ಬ ದಾದಿಗೆ ವಾರದಲ್ಲಿ ಅರ್ಧ ದಿನ ಬಿಡುವು ಕೊಡಿರಿ, ಸಂಬಳ ಹಿಡಿಯದೆ.