ಪುಸ್ತಕ ಇದೆ, ಆದರೆ ಎಲ್ಲಿದೆ?

(ಸಂಘದ ಸಭೆಯಲ್ಲಿ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ಓದಿನ ಮಹತ್ವದ ಬಗ್ಗೆ ನನಗಿಂತ ಮೊದಲು ಮಾತನಾಡಿದ ಹಿರಿಯರು ಚೆನ್ನಾಗಿ ಹೇಳಿದ್ದಾರೆ. ನಾನು ಅದಕ್ಕಿಂತ ಸಣ್ಣ ಕೆಲಸವೊಂದರ ಬಗ್ಗೆ ಹೇಳಬೇಕೆಂದಿದ್ದೇನೆ. ಅದು ಶಾಲಾ ಗ್ರಂಥಾಲಯಕ್ಕೆ ಶೆಲ್ಫ್ ಪಟ್ಟಿ ಮಾಡುವ ಕೆಲಸ. ಇದು ನನಗೆ ಹೊಳೆದದ್ದು ನನ್ನದೇ ಒಂದು ತಪ್ಪಿನಿಂದ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಉರ್ದು ಮತ್ತು ಕನ್ನಡ ಕಲಿಸುವ ನನಗೆ ಗ್ರಂಥಾಲಯದ ಹೊಣೆಯೂ ಇದೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಶಾಲೆ ತೆರೆದ ಮೇಲೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಂದು, "ಟೀಚರ್, ಅವರ ಕಥೆ ಪುಸ್ತಕ ನಮ್ಮಲ್ಲಿದೆಯಾ?" ಎಂದು ಕೇಳಿದಳು. ಅಕ್ಸೆಷನ್ ರಿಜಿಸ್ಟರಿನಲ್ಲಿ ಒಂದು ಕಥಾಸಂಕಲನದ ಹೆಸರಿತ್ತು. ಕನ್ನಡದ ಬೀರುವಿನಲ್ಲಿ ಪುಸ್ತಕ ಇರಲಿಲ್ಲ. ಯಾರೂ ಮನೆಗೆ ಒಯ್ದಿರಲಿಲ್ಲ. "ಕಳೆದುಹೋಗಿರಬೇಕಮ್ಮಾ" ಎಂದೆ. ಮರುವಾರ ಮತ್ತೆ ಬಂದು ಕೇಳಿದಳು. ಅದೇ ಉತ್ತರ ಕೊಟ್ಟೆ. ಆಮೇಲೆ ಅವಳು ಕೇಳಲಿಲ್ಲ.

ಡಿಸೆಂಬರಿನಲ್ಲಿ ಧೂಳು ಹೊಡೆಯುವಾಗ ಆ ಪುಸ್ತಕ ಸಿಕ್ಕಿತು. ಉರ್ದು ಬೀರುವಿನಲ್ಲಿ, ಶಾಯರಿ ಪುಸ್ತಕಗಳ ನಡುವೆ ಇತ್ತು. ಲೇಖಕಿಯ ಹೆಸರು ನೋಡಿ ಯಾರೋ ಅಲ್ಲಿಟ್ಟಿದ್ದರು. ಆ ಯಾರೋ ನಾನೇ ಆಗಿರಬಹುದು. ಪುಸ್ತಕ ಹಿಡಿದು ತರಗತಿಗೆ ಹೋದೆ. ಅವಳ ತಂದೆಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿ, ದಸರಾ ರಜೆಯಲ್ಲೇ ಟಿ.ಸಿ. ತೆಗೆದುಕೊಂಡು ಹೋಗಿದ್ದಳು.

ಬಂಧುಗಳೇ, ರಿಜಿಸ್ಟರ್ ಸರಿಯಾಗಿಯೇ ಇತ್ತು. ಹಾಗಾದರೆ ತಪ್ಪಿದ್ದೆಲ್ಲಿ? ನಮ್ಮ ಶಾಲೆಯ ರೂಢಿಯಿಂದಲೇ ಹೇಳುತ್ತೇನೆ. ಅಡ್ಮಿಷನ್ ರಿಜಿಸ್ಟರ್ ಮಗು ಶಾಲೆಗೆ ಸೇರಿದೆ ಎಂದು ಹೇಳುತ್ತದೆ. ಇಂದು ತರಗತಿಯಲ್ಲಿ ಕುಳಿತಿದೆಯೇ ಎಂದು ಹೇಳುವುದು ಹಾಜರಿ ಪುಸ್ತಕ. ಅಕ್ಸೆಷನ್ ರಿಜಿಸ್ಟರ್ ಪುಸ್ತಕಗಳ ಅಡ್ಮಿಷನ್ ರಿಜಿಸ್ಟರ್. ಅದರಲ್ಲಿ ಬಂದ ದಿನದ ಕ್ರಮವಿರುತ್ತದೆ. ಶೆಲ್ಫ್ ಪಟ್ಟಿ ಪುಸ್ತಕಗಳ ಹಾಜರಿ ಪುಸ್ತಕ. ಶೆಲ್ಫಿನಲ್ಲಿ ಪುಸ್ತಕಗಳು ನಿಂತಿರಬೇಕಾದ ಕ್ರಮದಲ್ಲೇ ಅದರಲ್ಲಿ ಹೆಸರುಗಳಿರುತ್ತವೆ. ಹಾಜರಿ ಕರೆಯದ ತರಗತಿಯಲ್ಲಿ ಯಾರು ಬಂದಿಲ್ಲ ಎಂಬುದು ಹೇಗೆ ತಿಳಿಯಬೇಕು?

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟರು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ಓದುಗರ ಸಮಯವನ್ನು ಉಳಿಸಬೇಕು ಎಂಬುದು ಅವರ ನಾಲ್ಕನೆಯ ಸೂತ್ರ. ಮನೆಯಲ್ಲಿ ಪುಸ್ತಕಗಳೇ ಇಲ್ಲದ ನಮ್ಮ ಮಕ್ಕಳ ವಿಷಯದಲ್ಲಿ ಅದು ಸಮಯದ ಮಾತು ಮಾತ್ರವಲ್ಲ. ಎರಡು ಸಲ "ಇಲ್ಲ" ಎನಿಸಿಕೊಂಡ ಮಗು ಮೂರನೆಯ ಸಲ ಬರುವುದಿಲ್ಲ.

ಈಗ ಪಟ್ಟಿ ಮಾಡುವ ವಿಧಾನ. ಎರಡು ಭಾಷೆಯ ಸಣ್ಣ ಗ್ರಂಥಾಲಯಕ್ಕೆ ಹೊಂದುವಂತೆ ನಾವು ಮಾಡಿಕೊಂಡ ಕ್ರಮ ಇದು.

ಮೊದಲನೆಯದು, ಹೆಸರು ನೋಡಿ ಪುಸ್ತಕ ಇಡಬಾರದು. ಭಾಷೆ ನೋಡಿ ಇಡಬೇಕು. ನಿಸಾರ್ ಅಹಮದ್, ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಬರೆದದ್ದು ಕನ್ನಡ. ಫಿರಾಕ್ ಗೋರಖ್‌ಪುರಿ ಎಂಬ ಹೆಸರಿನಲ್ಲಿ ಬರೆದ ರಘುಪತಿ ಸಹಾಯ್, ಕೃಷನ್ ಚಂದರ್ ಇವರು ಉರ್ದುವಿನ ದೊಡ್ಡ ಲೇಖಕರು. ನಾವು ಪಟ್ಟಿಯಲ್ಲಿ ಕನ್ನಡಕ್ಕೆ 'ಕ', ಉರ್ದುವಿಗೆ 'ಉ' ಎಂದು ಮೊದಲ ಅಕ್ಷರ ಹಾಕಿದೆವು.

ಎರಡನೆಯದು, ವಿಷಯ ಸಂಖ್ಯೆ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814, ಉರ್ದು ಸಾಹಿತ್ಯ 891.439. ಸಣ್ಣ ಗ್ರಂಥಾಲಯಕ್ಕೆ ಮೊದಲ ಮೂರು ಅಂಕಿ ಸಾಕು. ಅದರ ಮುಂದೆ ಲೇಖಕರ ಹೆಸರಿನ ಮೊದಲ ಎರಡು ಅಕ್ಷರ. 'ಕ 894 ಬಾನು' ಎಂದು ಚೀಟಿ ಅಂಟಿಸಿದ ಮೇಲೆ ಆ ಪುಸ್ತಕ ಉರ್ದು ಬೀರುವಿಗೆ ಹೋದರೆ ಐದನೇ ತರಗತಿಯ ಮಗುವೂ ಹಿಡಿಯುತ್ತದೆ.

ಮೂರನೆಯದು, ದಿಕ್ಕು. ಉರ್ದು ಬಲದಿಂದ ಎಡಕ್ಕೆ ಓದುವ ಲಿಪಿ. ಅದರ ಪುಸ್ತಕಗಳನ್ನೂ ಹಾಗೆಯೇ ಜೋಡಿಸಬೇಕೇ ಎಂದು ನಮ್ಮಲ್ಲಿ ಚರ್ಚೆಯಾಯಿತು. ಉರ್ದುವಿನಲ್ಲಿಯೂ ಅಂಕಿಗಳನ್ನು ಎಡದಿಂದ ಬಲಕ್ಕೇ ಬರೆಯುತ್ತೇವೆ. ಆದ್ದರಿಂದ ಎಲ್ಲಾ ಶೆಲ್ಫುಗಳಿಗೂ ಎಡದಿಂದ ಬಲಕ್ಕೆ ಎಂದು ತೀರ್ಮಾನಿಸಿದೆವು.

ನಾಲ್ಕನೆಯದು, ಬರೆಯುವ ರೀತಿ. ಬೀರು ಮತ್ತು ಶೆಲ್ಫ್ ಸಂಖ್ಯೆ, ಪುಸ್ತಕದ ಸಂಖ್ಯೆ, ಲೇಖಕರು, ಹೆಸರು, ಅಕ್ಸೆಷನ್ ಸಂಖ್ಯೆ, ಷರಾ ಇಷ್ಟು ಕಾಲಂ ಸಾಕು. ಹೊಲಿದ ನೋಟ್‌ಬುಕ್ ಬೇಡ. ಹೊಸ ಪುಸ್ತಕ ಬಂದಾಗ ನಡುವೆ ಸೇರಿಸಲು ಬಿಡಿ ಹಾಳೆ ಇರಲಿ, ಒಂದೊಂದು ಶೆಲ್ಫಿಗೆ ಒಂದೊಂದು ಹಾಳೆ. ಕಂಪ್ಯೂಟರಿನಲ್ಲಿ ಮಾಡುವವರಿಗೆ ಎರಡು ಎಚ್ಚರಿಕೆಗಳಿವೆ. ಸಂಖ್ಯೆಯನ್ನು ಅಕ್ಷರದಂತೆ ನಮೂದಿಸಿದರೆ 1 ಆದ ಮೇಲೆ 10, ನಂತರ 2 ಬರುತ್ತದೆ. 001, 002 ಎಂದು ಬರೆಯಿರಿ. ಕೆಲವು ಸಲ ಕಂಪ್ಯೂಟರ್ ಅರಬಿಯಲ್ಲಿಲ್ಲದ ಪೇ, ಚೇ, ಗಾಫ್ ಅಕ್ಷರಗಳನ್ನು ಉರ್ದು ಕ್ರಮ ಬಿಟ್ಟು ಹಿಂದಕ್ಕೆ ತಳ್ಳುತ್ತದೆ, ಒಮ್ಮೆ ಕಣ್ಣಾಡಿಸಿ.

ಕೊನೆಯದು, ಹಾಜರಿ ಕರೆಯುವುದು. ವಾರಕ್ಕೆ ಒಂದೇ ಶೆಲ್ಫ್. ಒಬ್ಬ ವಿದ್ಯಾರ್ಥಿ ಪಟ್ಟಿ ಓದಬೇಕು, ಇನ್ನೊಬ್ಬರು ಪುಸ್ತಕ ಮುಟ್ಟಿ ನೋಡಬೇಕು. ಕಾಣದ ಪುಸ್ತಕಕ್ಕೆ ಪೆನ್ಸಿಲ್ ಗುರುತು. ಮನೆಗೆ ಹೋಗಿದೆಯೇ, ಬೈಂಡಿಂಗಿಗೆ ಹೋಗಿದೆಯೇ, ಸ್ಟಾಫ್ ರೂಮಿನ ಮೇಜಿನ ಮೇಲಿದೆಯೇ, ಪಕ್ಕದ ಶೆಲ್ಫಿನಲ್ಲಿದೆಯೇ ಎಂದು ನೋಡಿದ ಮೇಲೆಯೇ "ಕಳೆದಿದೆ" ಎನ್ನಬೇಕು. ಓದಿದ ಪುಸ್ತಕವನ್ನು ಮಕ್ಕಳು ಮೇಜಿನ ಮೇಲೆ ಬಿಟ್ಟರೆ ಸಾಕು, ಹೊಣೆ ಹೊತ್ತವರು ಸ್ಥಳಕ್ಕೆ ಇಡಲಿ. ಅವಸರದಲ್ಲಿ ಎಲ್ಲೋ ತುರುಕಿದ ಪುಸ್ತಕವೇ ನಿಜವಾಗಿ ಕಳೆದುಹೋಗುವ ಪುಸ್ತಕ.

ಆಡಳಿತ ಮಂಡಳಿಯ ಹಿರಿಯರಲ್ಲಿ ಒಂದು ವಿನಂತಿ. ಪುಸ್ತಕ ಕಳೆದರೆ ತಮ್ಮ ಸಂಬಳದಿಂದ ಕಟ್ಟಬೇಕಾದೀತೆಂಬ ಭಯದಿಂದ ಎಷ್ಟೋ ಶಿಕ್ಷಕರು ಬೀರುವಿಗೆ ಬೀಗ ಹಾಕಿಡುತ್ತಾರೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು 20,000ಕ್ಕಿಂತ ಹೆಚ್ಚಿಲ್ಲದ ಗ್ರಂಥಾಲಯದಲ್ಲಿ ಪ್ರತಿ ವರ್ಷ ಪೂರ್ತಿ ಪರಿಶೀಲನೆ ಆಗಬೇಕೆನ್ನುತ್ತವೆ. ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಗಳಿಗೆ 5 ಕಳೆದರೆ, ಅದರಲ್ಲಿ ಅಪ್ರಾಮಾಣಿಕತೆ ಅಥವಾ ಅಲಕ್ಷ್ಯ ಇಲ್ಲದಿದ್ದರೆ, ಅದು ಸಹಜ ನಷ್ಟ ಎಂದೂ ಒಪ್ಪುತ್ತವೆ. ಆ ನಿಯಮ ಕೇಂದ್ರದ ಕಚೇರಿಗಳದ್ದು. ಆದರೆ ಅದರ ನ್ಯಾಯ ನಮಗೂ ಸಲ್ಲುತ್ತದೆ. ಪಟ್ಟಿ ಇರಲಿ, ಪರಿಶೀಲನೆ ಇರಲಿ, ಬೀಗ ತೆಗೆಯಲಿ.

ವಿದ್ಯಾರ್ಥಿಗಳೇ, ಈ ಕೆಲಸಕ್ಕೆ ಹಣ ಬೇಡ. ಬಿಡಿ ಹಾಳೆ, ಅಂಟು, ಪೆನ್ಸಿಲ್ ಮತ್ತು ವಾರಕ್ಕೆ ಒಂದು ಪೀರಿಯಡ್ ಬೇಕು. ಮಾಡುವಾಗ ನಿಮ್ಮ ಶಾಲೆಯಲ್ಲಿ ಏನೇನಿದೆ ಎಂದು ನಿಮಗೇ ಮೊದಲು ತಿಳಿಯುತ್ತದೆ.

ಆ ಕಥಾಸಂಕಲನ ಈಗ ತನ್ನ ಜಾಗದಲ್ಲಿದೆ. ಕೇಳಿದ ಹುಡುಗಿ ಮಾತ್ರ ಇಲ್ಲ. ಮುಂದಿನ ಮಗು ಕೇಳಿದಾಗ ಎದ್ದು ಹೋಗಿ ಪುಸ್ತಕ ತಂದುಕೊಡುವಂತಾಗಲಿ ಎಂಬುದಷ್ಟೇ ನನ್ನ ಆಸೆ.