ಹಂಚಿ ಉಣ್ಣುವ ಬುತ್ತಿಯಲ್ಲಿ ಪಥ್ಯದವರಿಗೂ ಪಾಲಿರಲಿ



ಎಳ್ಳಮಾವಾಸ್ಯೆಯಂದು ಉತ್ತರ ಕರ್ನಾಟಕದ ರೈತ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆದು ನಿಂತ ಪೈರನ್ನು ಪೂಜಿಸಿ, ಚರಗ ಚೆಲ್ಲಿ, ನೆಂಟರಿಷ್ಟರೊಡನೆ ಕುಳಿತು ಉಣ್ಣುವ ಪದ್ಧತಿಯನ್ನು ತಾವು ಬಲ್ಲಿರಿ. ಒಂದು ಮನೆಯ ಸಜ್ಜೆರೊಟ್ಟಿ, ಇನ್ನೊಂದು ಮನೆಯ ಶೇಂಗಾ ಹೋಳಿಗೆ, ಮತ್ತೊಂದು ಮನೆಯ ಎಣ್ಣೆಗಾಯಿ ಒಂದೇ ಮರದ ನೆರಳಿಗೆ ಬಂದು ಸೇರುತ್ತವೆ. ಬೆಳದಿಂಗಳ ಊಟವೆಂದು ನೆರೆಹೊರೆಯವರು ತಮ್ಮ ತಮ್ಮ ಅಡುಗೆಯನ್ನು ತಂದು ಹಂಚಿಕೊಳ್ಳುವುದೂ ಉಂಟು. ಇಂತಹ ಊಟದಿಂದ ಸ್ನೇಹ ಬೆಳೆಯುತ್ತದೆ. ಆದರೆ ಅದೇ ಪಂಕ್ತಿಯಲ್ಲಿ ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು, ಯಾವುದೋ ಒಂದು ಪದಾರ್ಥ ಒಗ್ಗದವರು, ವ್ರತ ಹಿಡಿದವರು ಕುಳಿತಿರುತ್ತಾರೆ. ಇವರನ್ನು ಸತ್ಕರಿಸುವ ಬಗೆ ಯಾವುದೆಂದು ಈಗ ವಿಚಾರ ಮಾಡೋಣ.

ಬೇಡವೆಂದರೂ ಬಡಿಸುವುದೇ ಉಪಚಾರವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬೀಗರ ಎಲೆಗೆ ಮತ್ತೊಂದು ಹೋಳಿಗೆ ಬೀಳದಿದ್ದರೆ ಮರ್ಯಾದೆಗೆ ಕೊರತೆಯೆಂದು ಭಾವಿಸುತ್ತೇವೆ. ಪಥ್ಯದಲ್ಲಿರುವ ಅತಿಥಿಯು ಹತ್ತು ಜನರ ಮುಂದೆ ತನ್ನ ಕಾಯಿಲೆಯನ್ನು ಹೇಳಲಾರದೆ, ಸಂಕೋಚದಿಂದ ತಿಂದು ಮನೆಗೆ ಹೋಗಿ ನರಳುತ್ತಾನೆ. ಇಲ್ಲವೆ ಮುಂದಿನ ಬಾರಿ ಕರೆದರೂ ಬಾರದೆ ದೂರ ಉಳಿಯುತ್ತಾನೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಹಿರಿಯರು ಹೇಳಿದ್ದಾರೆ. ಬೇಡವೆಂದ ಕೈಯನ್ನು ಗೌರವಿಸುವುದೇ ನಿಜವಾದ ಸತ್ಕಾರ.

ಆದುದರಿಂದ ಆಮಂತ್ರಣ ನೀಡುವಾಗಲೇ, ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ, "ನಿಮಗೆ ಒಗ್ಗದ ಪದಾರ್ಥ ಏನಾದರೂ ಇದೆಯೇ?" ಎಂದು ಕೇಳಿರಿ. ಈ ಕೆಲಸ ಗೃಹಿಣಿಯೊಬ್ಬಳದೇ ಅಲ್ಲ. ಗೆಳೆಯರನ್ನು ಕರೆಯುವ ಯಜಮಾನನೂ ಕೇಳಬೇಕು. ತಿಳಿದುಬಂದುದನ್ನು ಬುತ್ತಿ ತರುವ ಮನೆಗಳಿಗೆ ತಿಳಿಸಬೇಕಾದಾಗ ಕಾಯಿಲೆಯ ಹೆಸರನ್ನಾಗಲಿ, ರೋಗಿಯ ಹೆಸರನ್ನಾಗಲಿ ಎತ್ತದೆ, "ಒಂದು ಪಲ್ಯಕ್ಕೆ ಶೇಂಗಾಪುಡಿ ಹಾಕಬೇಡಿರಿ" ಎಂದಷ್ಟೇ ಹೇಳಿದರೆ ಸಾಕು.

ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ವರ್ಜ್ಯ, ಬೆಲ್ಲಕ್ಕೆ ದೋಷವಿಲ್ಲ ಎಂಬ ನಂಬಿಕೆ ತಪ್ಪು. ಬೆಲ್ಲವೂ ಜೇನುತುಪ್ಪವೂ ರಕ್ತದಲ್ಲಿನ ಸಕ್ಕರೆಯನ್ನು ಏರಿಸುತ್ತವೆ. ಅನ್ನ ಮತ್ತು ರೊಟ್ಟಿಗಳೂ ಮಿತಿಯಲ್ಲಿರಬೇಕು. ಕಾಳಿನ ಪಲ್ಯ, ಸೊಪ್ಪು, ಸೌತೆಕಾಯಿ ಅವರ ಎಲೆಯನ್ನು ತುಂಬಲಿ. ಇನ್ನೊಂದು ಸಂಗತಿಯನ್ನು ಮರೆಯಬಾರದು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಂಡವರಿಗೆ ಊಟ ತಡವಾದರೆ ಸಕ್ಕರೆಯ ಅಂಶ ಅಪಾಯಕರವಾಗಿ ಇಳಿಯುತ್ತದೆ. ಬೆವರು, ನಡುಕ, ತಲೆಸುತ್ತು, ಗೊಂದಲದ ಮಾತು ಇದರ ಚಿಹ್ನೆಗಳು. ಆಗ ಎಚ್ಚರವಿರುವ ವ್ಯಕ್ತಿಗೆ ಕೂಡಲೇ ಸಕ್ಕರೆ ನೀರನ್ನು ಕುಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಪೂಜೆ ಮುಗಿಯುವವರೆಗೆ ಅವರನ್ನು ಹಸಿದಿರಿಸದೆ ಹೊತ್ತಿಗೆ ಸರಿಯಾಗಿ ಉಣಬಡಿಸಿದರೆ ದೇವರಿಗೆ ಅಪಚಾರವಾಗದು.

ಉಪ್ಪಿಗಿಂತ ರುಚಿಯಿಲ್ಲವೆಂಬ ಮಾತು ನಿಜ. ಆದರೆ ವಯಸ್ಕರಿಗೆ ದಿನವೊಂದಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಸುಮಾರು ಒಂದು ಟೀ ಚಮಚದೊಳಗಿನ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿಯೇ ಬಹಳಷ್ಟು ಉಪ್ಪು ಅಡಗಿರುತ್ತದೆ. ಅಡುಗೆಗೆ ಉಪ್ಪನ್ನು ಹಿತಮಿತವಾಗಿ ಹಾಕಿ, ಬೇಕಾದವರಿಗೆ ಉಪ್ಪಿನಕಾಯಿಯನ್ನು ಬೇರೆಯಾಗಿ ಇಟ್ಟರೆ ರಕ್ತದೊತ್ತಡದವರೂ ನಿಶ್ಚಿಂತೆಯಿಂದ ಉಣ್ಣಬಹುದು. ಮೂತ್ರಪಿಂಡದ ಕಾಯಿಲೆಯವರಿಗೆ ವೈದ್ಯರು ಹೇಳಿದ ಪಥ್ಯವೇ ಅಂತಿಮ. ಅದರಲ್ಲಿ ನಮ್ಮ ಸಲಹೆ ಸಲ್ಲದು.

ಶೇಂಗಾ ಒಗ್ಗದವರ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಅಂಥವರಿಗೆ ಒಂದು ಚಿಟಿಕೆ ಪುಡಿಯೂ ಪ್ರಾಣಕ್ಕೆ ಎರವಾಗಬಹುದು. ತುಟಿ ಬಾತು, ಮೈಮೇಲೆ ದದ್ದು ಎದ್ದು, ಉಸಿರು ಕಟ್ಟಿದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಸಾಗಿಸಬೇಕು. ಅವರ ಅಡುಗೆಗೆ ಪಾತ್ರೆ, ಸೌಟು, ಬಡಿಸುವ ಕೈ ಎಲ್ಲವೂ ಬೇರೆಯಾಗಿರಲಿ. ಎಣ್ಣೆಗಾಯಿಗೆ ಹಾಕಿದ ಸೌಟನ್ನು ಅವರ ಪಲ್ಯಕ್ಕೆ ಹಾಕಬಾರದು. ಗೋಧಿ ಒಗ್ಗದವರಿಗೆ ಜೋಳ, ಸಜ್ಜೆ, ರಾಗಿ, ಅಕ್ಕಿ ಯೋಗ್ಯವಾದುವು. ಆದರೆ ರೊಟ್ಟಿಯ ಹಿಟ್ಟಿಗೆ ಗೋಧಿ ಹಿಟ್ಟು ಬೆರೆತಿರಬಾರದು. ಅಂಗಡಿಯ ಇಂಗಿನಲ್ಲಿಯೂ ಅನೇಕ ವೇಳೆ ಗೋಧಿ ಹಿಟ್ಟು ಸೇರಿರುತ್ತದೆ ಎಂಬುದನ್ನು ನೆನಪಿಡಿರಿ.

ಪಥ್ಯವೆಂಬುದು ಕಾಯಿಲೆಗೆ ಮಾತ್ರ ಸಂಬಂಧಿಸಿದುದಲ್ಲ. ಮಾಂಸ ತಿನ್ನದವರು, ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು, ಉಪವಾಸವಿರುವವರು ನಮ್ಮ ನಡುವೆ ಇದ್ದಾರೆ. ಅವರ ನಿಯಮವನ್ನು ಪರಿಹಾಸ್ಯ ಮಾಡುವುದಾಗಲಿ, ತಿಳಿಸದೆ ತಿನ್ನಿಸುವುದಾಗಲಿ ಸ್ನೇಹಕ್ಕೆ ದ್ರೋಹ. ಪ್ರತಿಯೊಂದು ಬುತ್ತಿಯಲ್ಲಿ ಏನೇನು ಸೇರಿದೆ ಎಂಬುದನ್ನು ತಂದವರೇ ಬಡಿಸುವ ಮುನ್ನ ಹೇಳುವ ರೂಢಿಯನ್ನು ಬೆಳೆಸಿಕೊಳ್ಳಿರಿ.

ಇಷ್ಟೆಲ್ಲ ಅತಿಥಿಗಳ ಚಿಂತೆಯಲ್ಲಿ ನಮ್ಮ ಮನೆಯ ಗರ್ಭಿಣಿಯನ್ನು ಮರೆಯುವುದುಂಟು. ಎಲ್ಲರೂ ಉಂಡ ಮೇಲೆ, ಪಾತ್ರೆಯ ತಳದಲ್ಲಿ ಉಳಿದುದನ್ನು ಉಣ್ಣುವ ಸೊಸೆಯ ಗರ್ಭದಲ್ಲಿ ಶಿಶುವೂ ಹಸಿದಿರುತ್ತದೆ. ಆಕೆಯನ್ನು ಮೊದಲ ಪಂಕ್ತಿಯಲ್ಲಿಯೇ ಕೂರಿಸಿ, ಸೊಪ್ಪಿನ ಪಲ್ಯ, ಕಾಳು, ಮೊಸರುಗಳನ್ನು ಬಡಿಸಿರಿ. ಊಟದೊಡನೆ ನಿಂಬೆರಸ ಸೇರಿದರೆ ಸೊಪ್ಪು ಕಾಳುಗಳಲ್ಲಿನ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ. ಆಕೆ ಉಣ್ಣುವಾಗ ಗಂಡನೇ ಸೌಟು ಹಿಡಿದರೆ ಆತನ ಘನತೆಗೆ ಕುಂದಿಲ್ಲ.

ಕೊನೆಯದಾಗಿ, ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಕಾಲ ಬಿಸಿಲು ಸೆಕೆಯಲ್ಲಿ ಇಡಬೇಡಿರಿ. ಕುದಿಸಿ ಆರಿಸಿದ ನೀರನ್ನೂ ಕೈತೊಳೆಯಲು ಸಾಬೂನನ್ನೂ ಬುತ್ತಿಯೊಡನೆ ಒಯ್ಯಿರಿ.

ದಂಪತಿಗಳೇ, ಪಥ್ಯದವರನ್ನು ಮೂಲೆಯಲ್ಲಿ ಕೂರಿಸಿ ಬೇರೆ ಎಲೆ ಹಾಕುವುದು ಬೇಡ. ಎಲ್ಲರೂ ಉಣ್ಣಬಹುದಾದ ಎರಡು ಮೂರು ಪದಾರ್ಥಗಳು ಪ್ರತಿ ಪಂಕ್ತಿಯಲ್ಲಿಯೂ ಇರುವಂತೆ ಗಂಡಹೆಂಡಿರು ಮುಂಚಿತವಾಗಿ ಕುಳಿತು ಯೋಚಿಸಿರಿ. ಉಂಡೆದ್ದ ಅತಿಥಿಯು ಹೊಟ್ಟೆ ತುಂಬಿ, ಮೈ ಹಗುರವಾಗಿ, ಮುಂದಿನ ವರ್ಷವೂ ನಿಮ್ಮ ಹೊಲಕ್ಕೆ ನಡೆದು ಬರುವಂತಾಗಲಿ.